ನೆತ್ತಿಯ ಮೇಲೆ ಸೂರ್ಯ ನಡೆದುಹೋಗುವ ತಿಂಗಳು

ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಬೆಂಗಳೂರಿನಲ್ಲಿ ನೆರಳುಗಳು ಕಾಣೆಯಾಗುತ್ತವೆ. ಬಸ್ ನಿಲ್ದಾಣದ ಕಂಬ, ತಾರಸಿಯ ಮೇಲೆ ಎದ್ದು ನಿಂತ ಪೈಪು, ಅಂಗಳದ ತುಳಸಿಕಟ್ಟೆ, ನೆಟ್ಟಗೆ ನಿಂತದ್ದು ಯಾವುದೇ ಇರಲಿ, ಅದರ ನೆರಳು ಅದರ ಬುಡದೊಳಕ್ಕೇ ಹೋಗಿ ಅಡಗಿಕೊಳ್ಳುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾವೆಲ್ಲ ಶಾಲೆಯಿಂದಲೂ ನಂಬಿಕೊಂಡು ಬಂದಿದ್ದೇವಲ್ಲ, ಅದು ವರ್ಷದ 363 ದಿನ ಸುಳ್ಳು! ಆ ದಿನಗಳಲ್ಲಿ ಅವನು ಒಂದಿಷ್ಟು ದಕ್ಷಿಣಕ್ಕೋ ಉತ್ತರಕ್ಕೋ ವಾಲಿಕೊಂಡೇ ಹೋಗುತ್ತಾನೆ. ಎರಡೇ ಎರಡು ದಿನ, ಏಪ್ರಿಲಿನಲ್ಲಿ ಒಂದು, ಆಗಸ್ಟ್ 18ರ ಸುಮಾರಿಗೆ ಇನ್ನೊಂದು, ನಿಜಕ್ಕೂ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗಸ್ಟಿನಲ್ಲಿ ಮೋಡ. ಹಾಗಾಗಿ ನಮಗೆ ದಕ್ಕುವುದು ಏಪ್ರಿಲಿನದೇ.

ಇದನ್ನು ನೋಡಲು ದುರ್ಬೀನು ಬೇಡ, ಟಿಕೆಟ್ಟು ಬೇಡ. ಒಂದು ತಾರಸಿ ಸಾಕು. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ನೆಲ ಸಮವಾಗಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಒಂದು ತಟ್ಟೆಯಲ್ಲಿ ನೀರು ಹಾಕಿದರೂ ಗೊತ್ತಾಗುತ್ತದೆ. ಅದರ ಮೇಲೆ ಒಂದು ಪೈಪಿನ ತುಂಡನ್ನೋ ಎಣ್ಣೆಯ ಡಬ್ಬಿಯನ್ನೋ ನಿಲ್ಲಿಸಿ. ನಮ್ಮ ಬೀದಿಯ ಮಕ್ಕಳು ಮನೆಮನೆಯಿಂದ ಕೈಗೆ ಸಿಕ್ಕದ್ದನ್ನೆಲ್ಲ ಹೊತ್ತು ತಂದಿದ್ದರು: ಪೌಡರ್ ಡಬ್ಬ, ಚೆಸ್ಸಿನ ಆನೆ, ಗಮ್ಮಿನ ಬಾಟಲಿ, ಒಬ್ಬಳು ಅಜ್ಜಿಯ ಒನಕೆಯನ್ನೇ ಎಳೆದುಕೊಂಡು ಬಂದಿದ್ದಳು. ಒನಕೆ! ಗ್ರಹಣದ ದಿನ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ ಕೈಮುಗಿಯುವ ರೂಢಿ ನಮ್ಮಲ್ಲಿದೆ. ತಳ ಚಪ್ಪಟೆಯಿದ್ದರೆ ಒನಕೆ ಯಾವ ದಿನ ಬೇಕಾದರೂ ನಿಲ್ಲುತ್ತದೆ, ಅದಕ್ಕೆ ಗ್ರಹಣ ಬೇಕಿಲ್ಲ. ಆದರೆ ನಿಂತ ಒನಕೆಗೆ ನೆರಳೇ ಇಲ್ಲದಂತಾಗುವುದು, ಅದು ಮಾತ್ರ ವರ್ಷಕ್ಕೆ ಎರಡೇ ಸಲ.

ಹನ್ನೆರಡು ಗಂಟೆಗೆ ಸರಿಯಾಗಿ ನೋಡಿದರೆ ಒಂದು ಮೀಟರ್ ಉದ್ದದ ಕೋಲಿಗೆ ಪಶ್ಚಿಮದಲ್ಲಿ ಸುಮಾರು 7 ಸೆಂಟಿಮೀಟರ್ ನೆರಳು ಬಿದ್ದಿರುತ್ತದೆ. ಸೂರ್ಯ ಇನ್ನೂ ಪೂರ್ವದ ಕಡೆಗೇ ಇದ್ದಾನಲ್ಲ. ನಮ್ಮ ಗಡಿಯಾರ ಓಡುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ನಮ್ಮ ನಿಜವಾದ ನಡುಹಗಲು ತಡ. ಆಮೇಲೆ ಆ ನೆರಳು ನಿಮಿಷಕ್ಕೆ ಸುಮಾರು 4 ಮಿಲಿಮೀಟರ್ ಒಳಕ್ಕೆ ಸರಿಯಲು ಶುರುವಾಗುತ್ತದೆ. ಸೀಸದ ಕಡ್ಡಿಯಿಂದ ಗುರುತು ಹಾಕುತ್ತ ಕೂತರೆ ಭೂಮಿ ತಿರುಗುವುದು ಬರಿಗಣ್ಣಿಗೆ ಕಾಣುತ್ತದೆ! ಪುಸ್ತಕದಲ್ಲಿ ಓದಿದ್ದು, ಪರೀಕ್ಷೆಯಲ್ಲಿ ಬರೆದದ್ದು, ಇಷ್ಟು ವರ್ಷ ಕಾಲಡಿಯಲ್ಲೇ ನಡೆಯುತ್ತಿದ್ದದ್ದು. 12:10ಕ್ಕೆ ಮಕ್ಕಳ ಗಲಾಟೆ ನಿಂತಿತು. 12:15ಕ್ಕೆ ಡಬ್ಬಿಯ ಸುತ್ತ ಒಂದು ಕಪ್ಪು ಗೆರೆ ಮಾತ್ರ ಉಳಿದಿತ್ತು. ಆಮೇಲೆ ಅದೂ ಹೋಯಿತು. ಚೆಸ್ಸಿನ ಆನೆ ನೆಲದ ಮೇಲೆ ಇಟ್ಟಂತೆಯೇ ಕಾಣಲಿಲ್ಲ, ಯಾರೋ ಚಿತ್ರ ಬರೆದು ನೆರಳು ಹಾಕಲು ಮರೆತಂತಿತ್ತು. ಒಬ್ಬ ಹುಡುಗ ತನ್ನ ಕಾಲ ಕೆಳಗೆ ಬಗ್ಗಿ ನೋಡಿ, "ನನ್ನದೂ ಹೋಯ್ತು ಆಂಟೀ!" ಎಂದು ಕಿರುಚಿದ.

ದೆಹಲಿಯವರಿಗೆ ಈ ಭಾಗ್ಯ ಇಲ್ಲವೇ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವ ಯಾವ ಊರಿನ ನೆತ್ತಿಗೂ ಸೂರ್ಯ ಏರುವುದಿಲ್ಲ, ಎಷ್ಟೇ ಬಿಸಿಲು ಸುಡಲಿ. ಇಡೀ ಕರ್ನಾಟಕ ಮಾತ್ರ ಆ ವೃತ್ತದ ಒಳಗಿದೆ. ಆಮೇಲೆ ನಾನು ಭೂಪಟ ಹಿಡಿದು ಕೂತಾಗ ಕಂಡದ್ದು ಇನ್ನೂ ದೊಡ್ಡದು. ಒಂದೊಂದು ಊರಿಗೆ ಒಂದೊಂದು ದಿನ! ಚಾಮರಾಜನಗರಕ್ಕೆ ಏಪ್ರಿಲ್ 21ರ ಆಸುಪಾಸು, ಮೈಸೂರಿಗೆ 22, ಬೆಂಗಳೂರಿಗೂ ಮಂಗಳೂರಿಗೂ 24, ಶಿವಮೊಗ್ಗಕ್ಕೆ 27, ಶಿರಸಿಗೆ ತಿಂಗಳ ಕೊನೆ, ಹಂಪಿಗೂ ಹುಬ್ಬಳ್ಳಿಗೂ ಮೇ 2, ವಿಜಯಪುರಕ್ಕೆ ಮೇ 7, ಕಲಬುರಗಿಗೆ 9, ಬೀದರಿಗೆ ಮೇ ಎರಡನೆಯ ವಾರ. ಅಂದರೆ ಸೂರ್ಯ ನಾಡಿನ ತೆಂಕಣ ತುದಿಯಿಂದ ಬಡಗಣ ತುದಿಗೆ ನೆತ್ತಿಯಿಂದ ನೆತ್ತಿಗೆ ಹೆಜ್ಜೆಯಿಡುತ್ತ ಮೂರು ವಾರದಲ್ಲಿ ದಾಟುತ್ತಾನೆ. ಅವನ ವೇಗ ಲೆಕ್ಕ ಹಾಕಿದೆ: ದಿನಕ್ಕೆ ಸುಮಾರು 35 ಕಿಲೋಮೀಟರ್. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲದ ಮಲ್ಲಯ್ಯನಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತಾರಲ್ಲ, ಬರಿಗಾಲು, ಹೆಗಲ ಮೇಲೆ ಕಂಬಿ, ಆ ಪಾದಯಾತ್ರಿಗಳ ನಡಿಗೆಯ ವೇಗ! ಕೋಟಿ ಕೋಟಿ ಕಿಲೋಮೀಟರ್ ದೂರದ ಆ ಬೆಂಕಿ ನಮ್ಮ ನಾಡಿನ ಮೇಲೆ ನಡೆದುಹೋಗುವುದು ಒಬ್ಬ ಗಟ್ಟಿ ಕಾಲಿನ ರೈತನ ವೇಗದಲ್ಲಿ. ಮನಸ್ಸು ಮಾಡಿದರೆ ಅವನ ಜೊತೆಗೇ ನಡೆಯಬಹುದು, ದಿನಾ ಮಧ್ಯಾಹ್ನ ನೆರಳಿಲ್ಲದೆ. ನಡೆದವರು ಯಾರಾದರೂ ಇದ್ದಾರೆಯೇ?

ಇದು ತಿಳಿದ ಮೇಲೆ ಏಪ್ರಿಲಿನ ಉಳಿದದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಮಳೆಗಳ ಹೆಸರನ್ನೇ ತೆಗೆದುಕೊಳ್ಳಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಮ್ಮ ರೈತರು ಎಣಿಸುವುದು ಚಂದ್ರನ ನಕ್ಷತ್ರವೆಂದು ಪಟ್ಟಣದಲ್ಲಿ ಬೆಳೆದ ಹಲವರು ತಿಳಿದಿರುತ್ತಾರೆ. ಅಲ್ಲ, ಅದು ಸೂರ್ಯನ ಲೆಕ್ಕ. 27 ನಕ್ಷತ್ರಗಳ ದಾರಿಯನ್ನು ಅವನು ಒಂದು ವರ್ಷದಲ್ಲಿ ಸುತ್ತುತ್ತಾನೆ, ಒಂದೊಂದು ಮನೆಯಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳಲ್ಲಿ ಬಿದ್ದ ಮಳೆಗೆ ಆ ಮನೆಯ ಹೆಸರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಹುಟ್ಟುತ್ತದೆ. ಕರಾವಳಿಯಲ್ಲಿ ಬಿಸು ಕಣಿ ಇಡುವುದು, ಕಕ್ಕೆಯ ಹಳದಿ ಗೊಂಚಲು ಇಳಿಬೀಳುವುದು ಅದೇ ಸಮಯಕ್ಕೆ. ತಿಂಗಳ ಕೊನೆಗೆ ಭರಣಿ. ಭರಣಿ ಸುರಿದರೆ ಧರಣಿ ಬೆಳೆಯಿತು ಎಂಬ ಅರ್ಥದ ಗಾದೆ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾದರೆ ಬೆಂಗಳೂರಿನ ನೆರಳು ಹೋಗುವುದು ಅಶ್ವಿನಿಯಲ್ಲಿ, ಹುಬ್ಬಳ್ಳಿಯದು ಭರಣಿಯಲ್ಲಿ. ಪಂಚಾಂಗವೂ ತಾರಸಿಯ ಮೇಲಿನ ಪೈಪಿನ ತುಂಡೂ ಒಬ್ಬನನ್ನೇ ಹಿಂಬಾಲಿಸುತ್ತಿವೆ!

ಈಗ ಮರಗಳ ಕಡೆ ನೋಡಿ. ಇದು ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು, ಇದನ್ನು ನಿಧಾನವಾಗಿ ಹೇಳಬೇಕು.

ಮಳೆಯಿಲ್ಲ. ಕೆರೆಯ ಅಂಗಳ ಬಿರುಕು ಬಿಟ್ಟಿದೆ. ಮಣ್ಣಿನ ಮೇಲ್ಪದರದಲ್ಲಿ ತೇವದ ಸುಳಿವಿಲ್ಲ. ಯಾವ ಲೆಕ್ಕದಿಂದ ನೋಡಿದರೂ ಗಿಡಮರ ಉಸಿರು ಬಿಗಿಹಿಡಿದು ಸುಮ್ಮನಿರಬೇಕಾದ ಕಾಲ. ಆದರೆ ಇದೇ ಹೊತ್ತಿಗೆ ಹೊಂಗೆ ತನ್ನ ಹಳೆಯ ಎಲೆಯನ್ನೆಲ್ಲ ಕೊಡವಿ, ಕೆಲವೇ ದಿನಗಳಲ್ಲಿ ಮೈತುಂಬ ಹೊಸ ಎಲೆ ತೊಟ್ಟು, ಅದೂ ಎಂಥ ಹಸಿರು, ಎಣ್ಣೆ ಹಚ್ಚಿದ ಹಸಿರು, ಬಿಸಿಲಿಗೆ ಎದುರು ಹಿಡಿದರೆ ಒಳಗಿನಿಂದ ಬೆಳಗುವ ಹಸಿರು, ನಡುಬೇಸಿಗೆಯಲ್ಲಿ ನಿಂತುಬಿಡುತ್ತದೆ! ಅಶ್ವತ್ಥದ ಚಿಗುರು ತಾಮ್ರ. ಮಾವಿನದು ಕೆಂಪು ಬೆರೆತ ಕಂದು. ಬೇವು ಎಳೆಯ ಎಲೆಯ ಜೊತೆಗೇ ಬಿಳಿ ಹೂ ಬಿಡುತ್ತದೆ. ನೀರೆಲ್ಲಿಂದ ಬಂತು?

ಸಸ್ಯಶಾಸ್ತ್ರದವರು ಹೇಳುವ ಉತ್ತರ ಕೇಳಿದ ಮೇಲೆ ನಾನು ರಸ್ತೆಯಲ್ಲಿ ನಿಂತು ನಿಂತು ಮರ ನೋಡುವ ಚಟ ಹತ್ತಿಸಿಕೊಂಡೆ. ಎಲೆಯೆಂದರೆ ನೀರು ಸೋರುವ ಬಾಯಿ. ಹಳೆಯ ಎಲೆ ಉದುರಿದ ಕೂಡಲೇ ಆ ಸೋರಿಕೆ ನಿಲ್ಲುತ್ತದೆ. ಆಳಕ್ಕಿಳಿದ ಬೇರು ಎಳೆದು ತರುವ ನೀರು ಖರ್ಚಾಗದೆ ಕಾಂಡದಲ್ಲಿ ತುಂಬಿಕೊಳ್ಳುತ್ತದೆ, ಬತ್ತಿದ ಮರ ಒಳಗೊಳಗೇ ಮತ್ತೆ ತೇವವಾಗುತ್ತದೆ. ಅಷ್ಟರಲ್ಲಿ ಹಗಲು ಉದ್ದವಾಗುತ್ತ ಬಂದಿರುತ್ತದೆ. ನಮಗೆ ಕೆಲವು ನಿಮಿಷಗಳ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ಮರಕ್ಕೆ ಗೊತ್ತಾಗುತ್ತದೆ. ಚಿಗುರಲು ಹೊರಡುತ್ತದೆ, ಮಳೆಗೆ ಕಾಯದೆ! ಕಾಯುವುದರಲ್ಲಿ ನಷ್ಟವಿದೆ. ಮಳೆ ಬಂದರೆ ಹುಳಗಳ ಸೈನ್ಯವೂ ಬರುತ್ತದೆ, ಎಳೆಯ ಎಲೆ ಅವಕ್ಕೆ ಹಬ್ಬದೂಟ. ಈಗಲೇ ಚಿಗುರಿಬಿಟ್ಟರೆ ಹುಳ ಏಳುವಷ್ಟರಲ್ಲಿ ಎಲೆ ಬಲಿತು ದಪ್ಪವಾಗಿರುತ್ತದೆ. ಮಳೆಗಾಲದ ಮೊದಲ ದಿನದಿಂದಲೇ ಅನ್ನ ಬೇಯಿಸಲು ಅಡುಗೆಮನೆ ಸಿದ್ಧ. ಆ ಚಿಗುರಿನ ಕೆಂಪು ಬಣ್ಣ ಕೂಡ ಸುಮ್ಮನೆ ಅಲಂಕಾರಕ್ಕಲ್ಲ, ಎಳೆಯ ಎಲೆಗೆ ಸುಡುಬಿಸಿಲಿನಿಂದ ರಕ್ಷಣೆ ಎನ್ನುತ್ತಾರೆ. ಹಸಿರು ಆಮೇಲೆ ನಿಧಾನಕ್ಕೆ ತುಂಬುತ್ತದೆ.

ಬೇಂದ್ರೆ ತಮ್ಮ ಯುಗಾದಿಯ ಪದ್ಯಕ್ಕೆ ಹೊಂಗೆಯನ್ನು ಕರೆತಂದದ್ದು ಏಕೆಂದು ತಿಳಿಯಬೇಕಾದರೆ ಬೆಳಗಿನ ಎಂಟು ಗಂಟೆಗೆ ಹೂಬಿಟ್ಟ ಹೊಂಗೆಯ ಕೆಳಗೆ ನಿಲ್ಲಬೇಕು. ಮೇಲೆ ಜೇನುನೊಣಗಳ ಮೊರೆತ, ಕೆಳಗೆ ನೆಲವೆಲ್ಲ ತಿಳಿನೇರಳೆ ಬಿಳುಪಿನ ಹೂ. ಗುಡಿಸುವವರು ಬೈದುಕೊಂಡು ಗುಡಿಸುತ್ತಾರೆ, ಅರ್ಧ ಗಂಟೆಗೆ ಮತ್ತೆ ಅಷ್ಟೇ. ಆ ಮರದ ಕೆಳಗೇ ಇನ್ನೊಂದು ಗುಟ್ಟಿದೆ. ಎಲೆಗಳ ಸಂದಿಯಿಂದ ಬಿಸಿಲು ನೆಲಕ್ಕೆ ಬಿದ್ದಿರುತ್ತದಲ್ಲ, ಆ ಬೆಳಕಿನ ತುಣುಕುಗಳನ್ನು ಗಮನಿಸಿ. ಎಲ್ಲವೂ ದುಂಡಗಿವೆ! ಎಲೆಗಳ ನಡುವಿನ ಸಂದಿ ತ್ರಿಕೋನ, ಸೀಳು, ಹರುಕು ಮುರುಕು, ಏನೇನೋ ಆಕಾರ. ಕೆಳಗೆ ಬಿದ್ದ ಬೆಳಕು ಮಾತ್ರ ದುಂಡು. ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಪ್ರತಿ ಸಂದಿಯೂ ಒಂದು ಸೂಜಿರಂಧ್ರದ ಕ್ಯಾಮೆರಾ. ಐದು ಮೀಟರ್ ಮೇಲಿನ ಸಂದಿ ನೆಲದ ಮೇಲೆ ನಾಲ್ಕೂವರೆ ಸೆಂಟಿಮೀಟರಿಗಿಂತ ತುಸು ಅಗಲದ ಸೂರ್ಯನನ್ನು ಮೂಡಿಸುತ್ತದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಇದೇ ಕಾರಣಕ್ಕೆ ಮರದ ಕೆಳಗೆಲ್ಲ ಬಿದಿಗೆಯ ಚಂದ್ರನ ಆಕಾರದ ಬೆಳಕು ಬಿದ್ದಿತ್ತು. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಕಾಣುವುದನ್ನು ನೋಡಲು ನೂರಾರು ಮೈಲಿಯಿಂದ ಜನ ಹೋಗುತ್ತಾರೆ, ಹೋಗಲೇಬೇಕು, ನಾನೂ ಹೋಗಿ ಬಾಯಿಬಿಟ್ಟು ನಿಂತಿದ್ದೇನೆ. ಅದೇ ಚಮತ್ಕಾರ ಬಸ್ಸಿಗೆ ಕಾಯುವ ಮರದಡಿ ಸಾವಿರ ಸಲ ಪುಕ್ಕಟೆಯಾಗಿ ನಡೆಯುತ್ತಿದೆ, ನಾವು ಅದರ ಮೇಲೆ ಚಪ್ಪಲಿಯಿಟ್ಟು ನಿಂತಿರುತ್ತೇವೆ.

ಮಧ್ಯಾಹ್ನದ ಸದ್ದು ಯಾವುದು ಗೊತ್ತೇ? ಕೋಗಿಲೆಯೆಂದು ಹೇಳಬೇಡಿ, ಅದಕ್ಕೆ ಪ್ರಚಾರ ಸಾಕಷ್ಟಾಗಿದೆ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ ಎರಡು ಗಂಟೆಯ ಹೊತ್ತಿಗೆ ಟೊಂಕ್, ಟೊಂಕ್, ಟೊಂಕ್ ಎಂದು ಎಲ್ಲೋ ಯಾರೋ ತಾಮ್ರದ ಹಂಡೆ ಬಡಿಯುತ್ತಿರುತ್ತಾರಲ್ಲ, ಅದು ಕಂಚುಕುಟಿಗ. ಗುಬ್ಬಚ್ಚಿಗಿಂತ ತುಸು ದಪ್ಪ, ಹಸಿರು ಮೈ, ಹಣೆಗೆ ಕುಂಕುಮ, ಗಂಟಲಿಗೆ ಹಳದಿ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಒಂದೇ ಲಯ. ಅದು ಕೂಗುವಾಗ ಕೊಕ್ಕು ಮುಚ್ಚಿಯೇ ಇರುತ್ತದೆ! ಗಂಟಲಿನ ಚರ್ಮ ಉಬ್ಬುತ್ತದೆ, ಇಳಿಯುತ್ತದೆ, ಅಷ್ಟೇ. ಜೊತೆಗೆ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಿರುವುದರಿಂದ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ತಿಳಿಯುವುದೇ ಇಲ್ಲ. ಎಲೆಯಿಲ್ಲದ ಒಣಕೊಂಬೆಯ ತುದಿಯನ್ನು ಹುಡುಕಿ, ಅಲ್ಲಿರುತ್ತದೆ. ಅದೇ ಒಣಕೊಂಬೆಯ ತಳಭಾಗಕ್ಕೆ ತೂತು ಕೊರೆದು ಗೂಡು ಮಾಡುತ್ತದೆ, ಮಳೆನೀರು ಒಳಗೆ ಇಳಿಯಬಾರದಲ್ಲ. ಒಣಗಿದ ಕೊಂಬೆ ಕಂಡಲ್ಲೆಲ್ಲ ಕಡಿಸಿಹಾಕುವ ನಮ್ಮ ಬಡಾವಣೆಗಳ ಅಚ್ಚುಕಟ್ಟುತನದ ಬಗ್ಗೆ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ತಿನ್ನುವುದಕ್ಕೆ ಬರೋಣ. ಹೊಸೂರು ರಸ್ತೆಯಲ್ಲೋ ಕೋಲಾರದ ದಾರಿಯಲ್ಲೋ ನೇರಳೆಗಪ್ಪಿನ ಕಾಯಿಗಳ ರಾಶಿ ಹಾಕಿಕೊಂಡು, ಕೈಯಲ್ಲಿ ಮಚ್ಚು ಹಿಡಿದು ಕೂತವರು ಕಂಡರೆ ಗಾಡಿ ನಿಲ್ಲಿಸದೆ ಹೋಗಬೇಡಿ. ತಾಟಿನಿಂಗು. "ಎಳೇದಿದೆಯಾ ಅಮ್ಮಾ?" ಎಂದರೆ ಆಕೆ ನಕ್ಕು, "ಬಲಿತಿದ್ರೆ ಅದು ನಿಂಗಾ ಅಕ್ಕಾ?" ಎನ್ನುತ್ತಾಳೆ. ಮಚ್ಚಿನ ಮೂರು ನಾಲ್ಕು ಏಟಿಗೆ ತಲೆ ಹಾರಿ ಮೂರು ಕಣ್ಣು ಕಾಣುತ್ತವೆ, ಒಂದೊಂದು ಕಣ್ಣಿನಲ್ಲೂ ನಡುಗುವ ಒಂದೊಂದು ತಂಪಿನ ಗಡ್ಡೆ. ತೆಳುಕಂದು ಸಿಪ್ಪೆಯನ್ನು ಉಗುರಿನಿಂದ ಸುಲಿದರೆ ಪೂರ್ತಿ ಪಾರದರ್ಶಕ. ಕಚ್ಚಿದರೆ ನಡುವಿನಿಂದ ನೀರು ಚಿಮ್ಮಿ ಅಂಗಿಗೆ ಬೀಳುತ್ತದೆ. ಅಷ್ಟು ಸುಡುವ ನೆಲದಲ್ಲಿ, ಅಷ್ಟು ಎತ್ತರದ ತಾಳೆಯ ಮರದ ನೆತ್ತಿಯಲ್ಲಿ ಇಷ್ಟು ತಣ್ಣನೆಯ ನೀರನ್ನು ಮುಚ್ಚಿಟ್ಟವರು ಯಾರು! ನಾವು ತಿನ್ನುವುದು ಇನ್ನೂ ಬೀಜವಾಗದ ಬೀಜ. ಮುಂದೆ ಗಿಡವಾಗಬೇಕಾದ ಮೊಳಕೆಗೆಂದು ಮರ ಕೂಡಿಟ್ಟ ಊಟ, ಗಟ್ಟಿಯಾಗುವ ಮೊದಲು ನಮ್ಮ ಬಾಯಿಗೆ. ಕೆಲವು ವಾರ ಬಿಟ್ಟರೆ ಅದೇ ಗಡ್ಡೆ ಹಲ್ಲು ಮುರಿಯುವಷ್ಟು ಗಟ್ಟಿ. ಹೆಣ್ಣು ಮರ ಬೇರೆ, ಗಂಡು ಮರ ಬೇರೆ, ನಿಂಗು ಸಿಗುವುದು ಹೆಣ್ಣು ಮರದಲ್ಲಿ ಮಾತ್ರ.

ಘಟ್ಟ ಇಳಿದರೆ ಗೇರುಹಣ್ಣಿನ ಕಾಲ. ಕೆಂಪು, ಹಳದಿ, ಮೂಗಿಗೆ ಬಡಿಯುವ ವಾಸನೆ, ತಿಂದರೆ ಗಂಟಲು ಕಟ್ಟುವ ಒಗರು. ಉಪ್ಪು ಸವರಿಕೊಂಡು ತಿಂದರೆ ಸ್ವಲ್ಪ ವಾಸಿ. ಅಂಗಿಗೆ ಬಿದ್ದ ಕಲೆ ಅಂಗಿ ಹರಿದರೂ ಹೋಗುವುದಿಲ್ಲ. ಆದರೆ ಅದು ಹಣ್ಣೇ ಅಲ್ಲ! ನಿಜವಾದ ಹಣ್ಣು ಕೆಳಗೆ ನೇತಾಡುವ ಬೀಜದ ಕೋಶ. ಮೇಲಿನ ಕೆಂಪು ಭಾಗ ಉಬ್ಬಿದ ತೊಟ್ಟು ಮಾತ್ರ. ಬೀಜ ಹಣ್ಣಿನ ಹೊರಗಿದೆಯೆಂದು ಆಶ್ಚರ್ಯಪಡುತ್ತ ಬೆಳೆದವರೆಲ್ಲ ತೊಟ್ಟು ತಿಂದು ಬೆಳೆದವರು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್ಲಿನಿಂದ ತಂದ ಈ ಮರ ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡದಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ ಅದು ಹೊರಗಿನದೆಂದು ಹೇಳಿದರೆ ಅಲ್ಲಿನ ಅಜ್ಜಂದಿರು ಒಪ್ಪುವುದಿಲ್ಲ. ಪಕ್ಕದಲ್ಲೇ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಕೆಂಪಾಗತೊಡಗಿರುತ್ತದೆ. ಮಲೆನಾಡಿನ ಹೊಳೆದಂಡೆಗಳಲ್ಲಿ ಅಪ್ಪೆಮಿಡಿ ಕೊಯ್ದು ಮುಗಿದು ಭರಣಿಗಳಲ್ಲಿ ಉಪ್ಪುನೀರಿಗೆ ಇಳಿದಿರುತ್ತದೆ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ತೊಟ್ಟು ಮುರಿದು ಸೊನೆ ಮೂಸಿ ಇದು ಇಂಥ ಹೊಳೆಯ ಇಂಥ ಮರದ್ದು ಎಂದು ಹೇಳಬಲ್ಲ ಹೆಂಗಸರಿದ್ದಾರೆ. ಆ ಮೂಗುಗಳ ಬಗ್ಗೆ ಬೇರೆಯೇ ಲೇಖನ ಬೇಕು.

ಸಂಜೆಯಾದರೆ ಮಲ್ಲಿಗೆ. ಮೈಸೂರಿನದು, ಹಡಗಲಿಯದು, ಉಡುಪಿಯದು, ಮೂರಕ್ಕೂ ಭೌಗೋಳಿಕ ಸೂಚಕದ ಮುದ್ರೆಯಿದೆ, ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಉಡುಪಿಯ ಶಂಕರಪುರದ ಕಡೆ ಅದನ್ನು ಮಾರುವ ಲೆಕ್ಕ ಮಾತ್ರ ನನ್ನನ್ನು ಬೆರಗುಗೊಳಿಸಿತು: 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಮೊಗ್ಗು, ಒಂದೊಂದನ್ನೂ ಬೆರಳಿನಿಂದ ಬಿಡಿಸಿ, ಒಂದೊಂದನ್ನೂ ಬಾಳೆನಾರಿಗೆ ಕಟ್ಟಿ, ಬಿಸಿಲೇರುವ ಮೊದಲು! ಬೆಳಿಗ್ಗೆ ಕಿತ್ತ ಮೊಗ್ಗಿಗೆ ಗಿಡದ ಸಂಬಂಧ ಕಡಿದು ಹೋಗಿದೆ. ಆದರೂ ಸಂಜೆ ಅದೇ ಗಳಿಗೆಗೆ, ಮಾಲೆಯೊಳಗೇ, ಯಾರದೋ ಜಡೆಯಲ್ಲಿ, ಬಸ್ಸಿನ ನೂಕುನುಗ್ಗಲಿನ ನಡುವೆ ಅದು ಅರಳುತ್ತದೆ. ಗಂಟೆ ನೋಡುವ ಗಡಿಯಾರ ಮೊಗ್ಗಿನ ಒಳಗೇ ಇದೆ. ರಾತ್ರಿಯ ಪತಂಗಗಳಿಗೆಂದು ಬಿಟ್ಟ ಪರಿಮಳವನ್ನು ಮನುಷ್ಯರು ನಡುವೆ ಕೈಹಾಕಿ ಕಸಿದುಕೊಂಡಿದ್ದೇವೆ.

ಕಾಫಿಯ ಹೂ ನೋಡಿಲ್ಲದವರಿಗೆ ಒಂದು ಮಾತು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಬೇಸಿಗೆಯುದ್ದಕ್ಕೂ ಗಿಡದ ಗಿಣ್ಣುಗಳಲ್ಲಿ ಮೊಗ್ಗುಗಳು ನಿದ್ದೆ ಹೋಗಿರುತ್ತವೆ. ಬಾಯಾರಿಕೆಯಿಂದ ಬಂದ ನಿದ್ದೆ ಅದು. ಬಾಯಾರದಿದ್ದರೆ ಒಟ್ಟಿಗೆ ಅರಳುವುದೂ ಇಲ್ಲ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ಹದವಾದ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ಬೆಟ್ಟ ಒಂದೇ ಬೆಳಗಿಗೆ ಬಿಳಿಯಾಗುತ್ತದೆ. ಮಳೆ ಕೈಕೊಟ್ಟರೆ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿ ಅದನ್ನು ಎಬ್ಬಿಸುತ್ತಾರೆ. ಪರಿಮಳ ಮಲ್ಲಿಗೆಯದೇ, ಸಂಬಂಧ ಏನೂ ಇಲ್ಲ. ಎರಡು ಮೂರು ದಿನ, ಮುಗಿಯಿತು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹಾಗಾಗಿ ಆ ಎರಡು ದಿನ ಹೆಜ್ಜೇನೂ ತುಡುವೆಯೂ ಗಾಳಿಯೂ ಎಷ್ಟು ಓಡಾಡಿದವು ಎಂಬುದರ ಮೇಲೆ ಮುಂದಿನ ವರ್ಷದ ನಮ್ಮ ಲೋಟ ನಿಂತಿದೆ.

ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಗಾಳಿ ನಿಲ್ಲುತ್ತದೆ. ಬೆವರು ಒರೆಸಿದಷ್ಟೂ ಬರುತ್ತದೆ. ಪೂರ್ವದಲ್ಲಿ ಕಪ್ಪು. ಆಮೇಲೆ ಧೂಳು, ಬಾಗಿಲುಗಳ ಧಡಾರ್, ತಾರಸಿಯ ಮೇಲಿನ ಹಲಸಿನ ಹಪ್ಪಳಕ್ಕಾಗಿ ಓಟ, ಕರೆಂಟು ಹೋಯಿತು, ಮೊದಲ ಹನಿ! ಆ ವಾಸನೆ! ಅದನ್ನು ಹುಡುಕಿಕೊಂಡು ಹೋದ ವಿಜ್ಞಾನಿಗಳಿದ್ದಾರೆ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು: ಒಣಹವೆಯಲ್ಲಿ ಕಲ್ಲು ಮಣ್ಣು ಹೀರಿಕೊಂಡ ಎಣ್ಣೆಯಂಥ ದ್ರವ್ಯ ತೇವಕ್ಕೆ ಹೊರಬರುತ್ತದೆ ಎಂದು. ಅದರ ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಇದೆ. ಲಕ್ಷಕೋಟಿ ಕಣಗಳಲ್ಲಿ ಬೆರಳೆಣಿಕೆಯಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. 2015ರಲ್ಲಿ ಅಮೆರಿಕದ ಎಂಐಟಿಯವರು ಹನಿ ಬೀಳುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಹನಿ ನೆಲಕ್ಕೆ ಬಡಿದಾಗ ಅದರಡಿ ಗಾಳಿಯ ಸಣ್ಣ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ, ಮೇಲೇರಿ ಒಡೆದು ಪರಿಮಳವನ್ನು ಗಾಳಿಗೆ ಚಿಮ್ಮುತ್ತವೆ, ಸೋಡಾ ಬಾಟಲಿ ತೆರೆದಾಗಿನ ಹಾಗೆಯೇ. ಹಗುರ ಮಳೆಯಲ್ಲಿ ಇದು ಜಾಸ್ತಿ, ಜಡಿಮಳೆಯಲ್ಲಿ ಕಡಿಮೆ. ಅದಕ್ಕೇ ಏಪ್ರಿಲಿನ ನಾಲ್ಕು ಹನಿಗೆ ಬರುವ ವಾಸನೆ ಜುಲೈನ ಹೊಡೆತಕ್ಕೆ ಬರುವುದಿಲ್ಲ! ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ಭಟ್ಟಿಯಿಳಿಸಿ ಶ್ರೀಗಂಧದೆಣ್ಣೆಯಲ್ಲಿ ಇದನ್ನೇ ಅತ್ತರು ಮಾಡಿ ಸೀಸೆಗೆ ತುಂಬುತ್ತಾರೆ, ವಿಜ್ಞಾನಿಗಳಿಗಿಂತ ಬಹಳ ಮೊದಲಿನಿಂದ.

ಅದೃಷ್ಟವಿದ್ದರೆ ಆಲಿಕಲ್ಲು. ಸುಡುಬೇಸಿಗೆಯಲ್ಲೇ ಆಕಾಶದಿಂದ ಮಂಜುಗಡ್ಡೆ ಬೀಳುವುದಕ್ಕೆ ಆ ಸುಡುಬೇಸಿಗೆಯೇ ಕಾರಣ. ಕಾದ ನೆಲದಿಂದ ಏಳುವ ಗಾಳಿ ಎಷ್ಟು ಬಿರುಸೆಂದರೆ ಹನಿಗಳನ್ನು ಹೆಪ್ಪುಗಟ್ಟುವ ಎತ್ತರಕ್ಕೆ ಎತ್ತಿ, ಬೀಳಲು ಬಿಡದೆ ಹಿಡಿದಿರುತ್ತದೆ. ಪದರದ ಮೇಲೆ ಪದರ ಕೂತು ಭಾರ ತಾಳಲಾರದಾದಾಗ ಕೆಳಗೆ ಬಿಡುತ್ತದೆ. ದೊಡ್ಡ ಆಲಿಕಲ್ಲೊಂದನ್ನು ಸೀಳಿ ನೋಡಿ, ಒಳಗೆ ಉಂಗುರಗಳಿರುತ್ತವೆ.

ಕರೆಂಟು ಬಂದು ದೀಪ ಹತ್ತಿದ ಕೂಡಲೇ ಶುರುವಾಗುತ್ತದೆ ದಿನದ ಕೊನೆಯ ದೊಂಬಿ. ಮಳೆಹುಳ! ರೆಕ್ಕೆ ಬಂದ ಗೆದ್ದಲುಗಳು ನೆಲದ ಬಿರುಕಿನಿಂದ ಹೊಗೆಯ ಹಾಗೆ ಮೇಲೇಳುತ್ತವೆ. ಒಂದು ಹುತ್ತದ್ದಲ್ಲ, ಊರಿನ ಹುತ್ತಗಳೆಲ್ಲ ಮಾತಾಡಿಕೊಂಡವರಂತೆ ಅದೇ ಸಂಜೆ. ತಿನ್ನುವವರಿಗೆ ತಿಂದು ಸಾಕಾಗಿ ಕೆಲವಾದರೂ ಉಳಿಯಲಿ, ಬೇರೆ ಹುತ್ತದ ಜೋಡಿ ಸಿಗಲಿ, ಇದು ಅವುಗಳ ಲೆಕ್ಕ. ತಿನ್ನುವವರೂ ತಯಾರು: ಗೋಡೆಗೆ ಹಲ್ಲಿ, ಮೆಟ್ಟಿಲಿಗೆ ಕಪ್ಪೆ, ಬೀದಿದೀಪಕ್ಕೆ ಬಾವಲಿ, ಎಲ್ಲಿಂದಲೋ ಇರುವೆಗಳ ಸಾಲು. ನೆಲಕ್ಕಿಳಿದ ಹುಳ ಮೈ ಕೊಡವಿದರೆ ರೆಕ್ಕೆಗಳು ಬುಡದಲ್ಲಿ ಮೊದಲೇ ಇರುವ ಗೆರೆಯಲ್ಲಿ ಕಳಚಿ ಬೀಳುತ್ತವೆ, ಇನ್ನು ಬೇಡ ಅವು. ಆಮೇಲೆ ಹೆಣ್ಣು ಮುಂದೆ, ಗಂಡು ಹಿಂದೆ, ಒಂದರ ಬೆನ್ನಿಗೆ ಒಂದು ಅಂಟಿಕೊಂಡು ನಮ್ಮ ಹಜಾರದುದ್ದಕ್ಕೂ ಜೋಡಿ ಜೋಡಿ ನಡೆಯುತ್ತವೆ, ಮನೆ ಹುಡುಕಿಕೊಂಡು! ಸಿಕ್ಕ ಜೋಡಿ ಅದೇ ಬಿಲದಲ್ಲಿ ರಾಜ ರಾಣಿಯಾಗಿ ವರ್ಷಗಟ್ಟಲೆ ಒಟ್ಟಿಗಿರುತ್ತದೆ. ನಾನು ಬಗ್ಗಿ ಅವುಗಳ ಹಿಂದೆ ಹೊರಟಿದ್ದೆ. ಅತ್ತೆ ಅಡುಗೆಮನೆಯಿಂದ ಕೂಗಿದರು: "ದೀಪ ಆರ್ಸೇ ಮಾರಾಯ್ತಿ, ಸಾರಿಗೆಲ್ಲ ಬಿದ್ದು ಹೋದ್ವು!"